ಅಟ್ಟಣಿಗೆಯ ಕಡೆ ತಿರುಗಿದವರು

ತಾಮಾರ್‌ಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಬಲಗಿವಿ ಕೇಳಿಸುತ್ತಿತ್ತು, ಆದರೆ ಮಾತಾಡುವವರು ಹತ್ತಿರವಿರಬೇಕು, ಗಟ್ಟಿಯಾಗಿ ಮಾತಾಡಬೇಕು. ಆದ್ದರಿಂದ ಅವಳ ಮಗ ಇಶಾಮ್ ಪರ್ನೆಲ್ ಬೇಸಿಗೆ ಶುರುವಾದಾಗಿನಿಂದ ವಿಗ್ಗಿನ್ ಎಂಬವನ ಬೆನ್ನು ಹತ್ತಿದ್ದ. ಟಾಲ್ಕಟ್ ಊರಿನ ಸಭೆಗೆ ಅಮ್ಮನನ್ನು ಕರೆತರುತ್ತೇನೆ, ಮುಂದಿನ ಸಾಲಿನಲ್ಲಿ ಅವಳಿಗೊಂದು ಜಾಗ ಬೇಕು, ಬೇರೇನೂ ಬೇಡ ಎಂದಿದ್ದ. ವಿಗ್ಗಿನ್ ಪ್ರತಿ ಸಲವೂ ಅದಕ್ಕೇನಂತೆ ಎಂದು ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸುವವರು ಇಡೀ ಮ್ಯಾಸಚೂಸೆಟ್ಸ್ ಸೀಮೆಯಲ್ಲಿ ಇರಲಿಲ್ಲ.

ಎಲ್ನಾಥನ್ ವಿಗ್ಗಿನ್ ಗುಲಾಮಗಿರಿ ವಿರೋಧಿ ಸಂಘದ ಪ್ರಚಾರಕ. ಬಿಳಿಯ, ಪಾದ್ರಿಯ ಮಗ, ಒಳ್ಳೆಯವನು. ಅವನು ಒಳ್ಳೆಯವನಾಗಿದ್ದದ್ದೇ ದೊಡ್ಡ ತೊಂದರೆ. ಕೆಟ್ಟವನಾಗಿದ್ದರೆ ಇಶಾಮ್ ಎಂದೋ ಕೈಮುಗಿದು ದೂರ ಹೋಗುತ್ತಿದ್ದ. ಆರು ವರ್ಷದಿಂದ ಇಬ್ಬರೂ ಊರೂರು ಸುತ್ತಿದ್ದರು, ಕಲ್ಲು ತೂರುವವರ ಮುಂದೆ ಒಟ್ಟಿಗೆ ನಿಂತಿದ್ದರು. ಒಮ್ಮೆ ಇಶಾಮ್‌ಗೆ ಬೀಳಬೇಕಿದ್ದ ಕಲ್ಲು ವಿಗ್ಗಿನ್‌ನ ಹಣೆಗೆ ಬಿದ್ದು ಅದರ ಗುರುತು ಈಗಲೂ ಇತ್ತು. ವೇದಿಕೆಯ ಮೇಲೆ ಅವನು ಇಶಾಮ್‌ನನ್ನು ಸಹೋದರ ಪರ್ನೆಲ್ ಎಂದು ಕರೆಯುತ್ತಿದ್ದ. ಕೆಳಗಿಳಿದ ಮೇಲೆ, ಇಶಾಮ್, ಕುದುರೆಗೆ ನೀರು ಕುಡಿಸಿದೆಯಾ ಎಂದು ಕೇಳುತ್ತಿದ್ದ.

ಸಭೆಗಳಲ್ಲಿ ಯಾರು ಏನು ಮಾತಾಡಬೇಕೆಂಬುದು ಮೊದಲೇ ನಿಗದಿಯಾಗಿತ್ತು. ಗುಲಾಮಗಿರಿ ಯಾಕೆ ಪಾಪ, ಸ್ವಾತಂತ್ರ್ಯ ಅಂದರೇನು, ನ್ಯಾಯ ಅಂದರೇನು, ಇವೆಲ್ಲ ವಿಗ್ಗಿನ್‌ನ ಪಾಲು. ಹಿಪ್ಪುನೇರಳೆ ಮರದ ಕಥೆ ಇಶಾಮ್‌ನ ಪಾಲು. ಇಶಾಮ್ ಮೇರಿಲ್ಯಾಂಡಿನ ಒಂದು ಜಮೀನಿನಲ್ಲಿ ಗುಲಾಮನಾಗಿ ಹುಟ್ಟಿದವನು. ಮೀಸೆ ಚಿಗುರುವ ವಯಸ್ಸಿಗೆ ತಪ್ಪಿಸಿಕೊಂಡು ಉತ್ತರಕ್ಕೆ ಬಂದು, ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು, ಓದು ಕಲಿತು, ಈಗ ಯಾವ ವಕೀಲನ ಜೊತೆಗಾದರೂ ಸರಿಸಮ ನಿಂತು ವಾದ ಮಾಡಬಲ್ಲವನಾಗಿದ್ದ. ಆದರೆ ಅವನ ವಾದ ಯಾರಿಗೆ ಬೇಕಿತ್ತು? ಒಂದು ಊರಿನಲ್ಲಿ ಅವನು ಕಥೆ ಬಿಟ್ಟು ದೇಶದ ಕಾನೂನಿನ ಬಗ್ಗೆ ಮಾತಾಡಿದ್ದಕ್ಕೆ, ಇಷ್ಟು ಚೆನ್ನಾಗಿ ಮಾತಾಡುವವನು ಗುಲಾಮನಾಗಿದ್ದದ್ದೇ ಸುಳ್ಳಿರಬೇಕು ಎಂದು ಜನ ಗುಸುಗುಸು ಎಂದಿದ್ದರು. ಆವತ್ತು ಹಿಂತಿರುಗುವಾಗ ವಿಗ್ಗಿನ್ ಬುದ್ಧಿ ಹೇಳಿದ್ದ.

“ನಡೆದಿದ್ದನ್ನ ನೀನು ಹೇಳು ಇಶಾಮ್. ವಿಚಾರ ನಮಗೆ ಬಿಡು. ಜನ ಮೊದಲು ಅಳಬೇಕು. ಅತ್ತ ಮೇಲೆ ನಾನು ಹೇಳೋದು ತಲೆಗೆ ಹೋಗುತ್ತೆ.”

ಅಂದಿನಿಂದ ಜನ ಅಳುತ್ತಿದ್ದರು. ಮರಕ್ಕೆ ಹಗ್ಗ ಬಿಗಿಯುವಲ್ಲಿ ಹೆಂಗಸರು ಕರವಸ್ತ್ರ ತೆಗೆಯುತ್ತಿದ್ದರು, ಚಾಟಿ ಬರುವ ಹೊತ್ತಿಗೆ ಗಂಡಸರು ಕೆಮ್ಮುತ್ತಿದ್ದರು. ಇಶಾಮ್ ಗಾಣದ ಎತ್ತಿನಂತೆ ಆ ಮರದ ಸುತ್ತಲೇ ತಿರುಗುತ್ತಿದ್ದ. ಹೊಸ ಮಾತುಗಳು ಹೊಟ್ಟೆಯಲ್ಲೇ ಉಳಿಯುತ್ತಿದ್ದವು, ಬಾಯಿ ಮಾತ್ರ ಹಳೆಯದನ್ನೇ ಹೇಳುತ್ತಿತ್ತು.

ಮರಕ್ಕೆ ಕಟ್ಟಿಸಿಕೊಂಡವಳು ತಾಮಾರ್. ಪುಟ್ಟ ಹುಡುಗನಾಗಿದ್ದ ಇಶಾಮ್ ಅದನ್ನು ಕಣ್ಣಾರೆ ನೋಡಿದ್ದ. ಸಭೆಯಲ್ಲಿ ಮೊದಲ ಸಲ ಅದನ್ನು ಹೇಳಿದಾಗ ಅಮ್ಮ ಬದುಕಿದ್ದಾಳೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ಬದುಕಿದ್ದಳು. ಎರಡು ಚಳಿಗಾಲದ ಹಿಂದೆ, ಮೊಣಕಾಲು ಸೋತು ಕೆಲಸಕ್ಕೆ ಬಾರದವಳಾದಾಗ ಧಣಿ ಅವಳನ್ನು ಬಿಡುಗಡೆ ಮಾಡಿದ್ದೇನೆಂದು ಹೇಳಿ ಮನೆಯಿಂದ ಹೊರಗೆ ಹಾಕಿದ್ದ. ಪುಣ್ಯವಂತರು ಯಾರೋ ಕೈಯಿಂದ ಕೈಗೆ ದಾಟಿಸಿ ನ್ಯೂ ಬೆಡ್‌ಫರ್ಡಿಗೆ, ಮಗನ ಬಾಗಿಲಿಗೆ ತಂದು ಮುಟ್ಟಿಸಿದ್ದರು. ಮಗ ಸಭೆಗಳಲ್ಲಿ ಏನು ಹೇಳುತ್ತಾನೆಂದು ಅವಳು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಬಿಳಿ ಜನ ಸದ್ದಿಲ್ಲದೆ ಕೂತು ತನ್ನ ಮಗನ ಮಾತು ಕೇಳುತ್ತಾರೆ ಎಂಬುದಷ್ಟೇ ಅವಳಿಗೆ ಗೊತ್ತು. ಅದನ್ನೊಂದು ಸಲ ಕಣ್ಣಲ್ಲಿ ನೋಡಿ ಕಿವಿಯಲ್ಲಿ ಕೇಳಬೇಕು ಎಂಬುದು ಅವಳ ಆಸೆ. ಕರೆದುಕೊಂಡು ಹೋಗದಿರುವುದಕ್ಕೆ ಇಶಾಮ್ ಎರಡು ವರ್ಷ ನೆಪ ಹೇಳಿದ್ದ, ಕೊನೆಗೆ ನೆಪಗಳು ಮುಗಿದುಹೋಗಿದ್ದವು.

ಆಗಸ್ಟ್ ಮೊದಲ ತಾರೀಖು ಬಂತು. ಇಂಗ್ಲಿಷರು ಆಳುವ ಕಬ್ಬಿನ ದ್ವೀಪಗಳಲ್ಲಿ ಗುಲಾಮರ ಬಿಡುಗಡೆಯಾಗಿ ಹತ್ತು ವರ್ಷ ತುಂಬಿದ ದಿನ. ಪಕ್ಕದ ಪಟ್ಟಣದಲ್ಲಿ ಕ್ಷೌರದಂಗಡಿ ಇಟ್ಟಿದ್ದ ಗೆಳೆಯನ ಒಂಟಿ ಕುದುರೆ ಗಾಡಿ ಕೇಳಿ ತಂದು ಅಮ್ಮನನ್ನು ಕೂರಿಸಿಕೊಂಡು ಇಶಾಮ್ ಟಾಲ್ಕಟ್ ತಲುಪಿದಾಗ ಚರ್ಚಿನ ಮುಂದಿನ ಹುಲ್ಲುಬಯಲಲ್ಲಿ ಹಬ್ಬವೇ ನೆರೆದಿತ್ತು. ಮೇಪಲ್ ಮರಗಳ ನೆರಳಿನಲ್ಲಿ ಮೇಜು ಹಾಕಿ ಹೆಂಗಸರು ಶುಂಠಿ ರೊಟ್ಟಿ, ನಿಂಬೆ ಪಾನಕ ಹಂಚುತ್ತಿದ್ದರು. ಒಬ್ಬಾಕೆ ಬಿಳಿ ಟೋಪಿಯ ಪಟ್ಟಿ ಸರಿಮಾಡಿಕೊಳ್ಳುತ್ತ ಓಡೋಡಿ ಬಂದಳು. ಚರ್ಚಿನ ಸಭಾಹಿರಿಯ ಟ್ರಾಸ್ಕ್‌ನ ಹೆಂಡತಿ, ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಮುದುಕಿಗೆ ಕಿವಿ ಮಂದ ಎಂದು ವಿಗ್ಗಿನ್ ಅವಳಿಗೆ ಹೇಳಿಟ್ಟಿದ್ದ. ಅವಳು ತಾಮಾರ್‌ಳ ಎರಡೂ ಕೈ ಹಿಡಿದು, ಸರಿಯಾದ ಕಿವಿಯನ್ನೇ ಹುಡುಕಿ, ಬಯಲಿನ ಆ ತುದಿಗೂ ಮುಟ್ಟುವಂತೆ ಹೇಳಿದಳು.

“ಹಿಪ್ಪುನೇರಳೆ ಮರದ ತಾಯಿ ನೀವೇ ಅಲ್ವಾ? ಹೋದ ವರ್ಷ ನಿಮ್ಮ ಮಗ ಆ ಕಥೆ ಹೇಳಿದಾಗ ಅತ್ತೂ ಅತ್ತೂ ನನಗೆ ಜ್ವರ ಬಂದಿತ್ತು. ಆ ಕೈಗಳೇ ಅಲ್ವಾ ಇವು, ಕಟ್ಟಿಹಾಕಿದ್ದು!”

ತಾಮಾರ್ ಕೈ ಬಿಡಿಸಿಕೊಳ್ಳಲಿಲ್ಲ. ಬಿಳಿ ಹೆಂಗಸಿನ ಕೈಯಿಂದ ಕೈ ಕಿತ್ತುಕೊಂಡು ಅವಳಿಗೆ ಅಭ್ಯಾಸವಿರಲಿಲ್ಲ. ಮಿಸೆಸ್ ಟ್ರಾಸ್ಕ್ ಕಣ್ಣೊರೆಸಿಕೊಂಡು ಮೇಜಿನ ಕಡೆ ಹೋದ ಮೇಲೆ ತಾಮಾರ್ ಮಗನ ಕಡೆ ತಿರುಗಿದಳು.

“ಆಯಮ್ಮಂಗೆ ಹೆಂಗೆ ಗೊತ್ತು?”

ಇಶಾಮ್ ಹೇಳಿದ. ಹೇಳುವುದಕ್ಕೆ ಅಂಥದ್ದೇನೂ ಇರಲಿಲ್ಲ, ತಾನೇ ಹೇಳಿದ್ದೆಂದು ಹೇಳಿದ. ಜನಕ್ಕೆ ಗೊತ್ತಾಗಬೇಕಲ್ಲಮ್ಮ, ಗೊತ್ತಾದರೆ ತಾನೇ ಅವರ ಮನಸ್ಸು ಬದಲಾಗುವುದು ಎಂದೂ ಸೇರಿಸಿದ. ಅದು ವಿಗ್ಗಿನ್‌ನ ಮಾತು, ತನ್ನ ಬಾಯಲ್ಲಿ ಬಂದಾಗ ಅವನಿಗೇ ಅಸಹ್ಯವಾಯಿತು.

“ಇನ್ನು ಯಾರ್ಯಾರಿಗೆ ಗೊತ್ತು?”

ಇಶಾಮ್ ಸುತ್ತ ನೋಡಿದ. ಶುಂಠಿ ರೊಟ್ಟಿ ತಿನ್ನುತ್ತಿದ್ದವರಲ್ಲಿ ಕೆಲವರು ಆಗಲೇ ಅವಳನ್ನು ತೋರಿಸಿ ಪಕ್ಕದವರಿಗೆ ಏನೋ ಹೇಳುತ್ತಿದ್ದರು.

“ಬಟ್ಟೆ ವಿಷಯಾನೂ ಹೇಳಿದೀಯಾ?”

ಇಶಾಮ್ ತಲೆ ತಗ್ಗಿಸಿದ. ತಾಮಾರ್ ಆ ಸುಡುಬಿಸಿಲಿನಲ್ಲಿ ಶಾಲನ್ನು ಹೆಗಲ ಮೇಲೆ ಎಳೆದುಕೊಂಡು ಕತ್ತಿನ ಹತ್ತಿರ ಮುಷ್ಟಿ ಹಿಡಿದಳು. ಇಶಾಮ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಷ್ಟೋ ಊರುಗಳಲ್ಲಿ, ಎಷ್ಟೋ ಜನರ ಮುಂದೆ, ಅಳು ಚೆನ್ನಾಗಿ ಬರಲೆಂದು, ಅವನು ಅವಳ ಬಟ್ಟೆ ಬಿಚ್ಚಿಸಿದ ವಿಷಯವನ್ನು ನಿಧಾನವಾಗಿ ಹೇಳುತ್ತಿದ್ದ.

“ಇವತ್ತೂ ಹೇಳ್ತೀಯೇನು?”

“ಇಲ್ಲಮ್ಮ. ಇವತ್ತು ಹೇಳಲ್ಲ.”

“ಮತ್ತೆ ಏನು ಹೇಳ್ತೀಯ? ನಿಂಗೆ ಇನ್ನೇನಾದ್ರೂ ಬರುತ್ತಾ?”

ಚುಚ್ಚಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು. ಅದು ಅವನಿಗೆ ಇನ್ನೂ ಆಳಕ್ಕೆ ನಾಟಿತು. ಆರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದೆಲ್ಲ ಇದೆ ಅಮ್ಮ, ಮುಂದೆ ಕೂತು ಕೇಳು ಎಂದು ಹೇಳಿ, ಅವಳ ತೋಳು ಹಿಡಿದು ಚರ್ಚಿನ ಮೆಟ್ಟಿಲ ಕಡೆ ನಡೆದ.

ಬಾಗಿಲಲ್ಲೇ ಸಭಾಹಿರಿಯ ಟ್ರಾಸ್ಕ್ ನಿಂತಿದ್ದ. ಟ್ರಾಸ್ಕ್ ಗುಲಾಮರು ಬೆಳೆದ ಸಕ್ಕರೆಯನ್ನು ಮನೆಗೆ ತರದವನು. ಚಹಾಕ್ಕೆ ಮೇಪಲ್ ಬೆಲ್ಲ ಹಾಕಿಕೊಂಡು ಕುಡಿಯುತ್ತಿದ್ದ, ಅದನ್ನು ಬಂದವರಿಗೆಲ್ಲ ಹೇಳುತ್ತಲೂ ಇದ್ದ. ಇಶಾಮ್‌ನ ಕೈ ಕುಲುಕಿದ, ತಾಮಾರ್‌ಗೆ ಟೋಪಿ ತೆಗೆದ, ಅಮ್ಮನಿಗೆ ಅಟ್ಟಣಿಗೆಯಲ್ಲಿ ಒಳ್ಳೆಯ ಗಾಳಿ ಬರುವ ಜಾಗ ಇದೆ ಎಂದ. ಅಟ್ಟಣಿಗೆ ಎಂದರೆ ಚರ್ಚಿನ ಹಿಂಭಾಗದಲ್ಲಿ, ಬಾಗಿಲ ಮೇಲೆ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಜಾಗ. ನಡುವೆ ಹಾಡುಗಾರರು ಕೂರುತ್ತಾರೆ. ಮೂಲೆಯಲ್ಲಿ ಕಂಬದ ಹಿಂದೆ ಒಂದು ಬೆಂಚು ಇರುತ್ತದೆ. ಅದು ಕಪ್ಪು ಜನರ ಬೆಂಚೆಂದು ಅದರ ಮೇಲೆ ಬರೆದಿರುವುದಿಲ್ಲ, ಬರೆಯುವ ಅಗತ್ಯವಿಲ್ಲ.

ವಿಗ್ಗಿನ್ ಮುಂದಿನ ಸಾಲು ಎಂದು ಮಾತು ಕೊಟ್ಟಿದ್ದಾರೆ ಎಂದ ಇಶಾಮ್. ಪಕ್ಕದಲ್ಲೇ ನಿಂತಿದ್ದ ವಿಗ್ಗಿನ್ ಹಣೆಯ ಗಾಯದ ಗುರುತು ಉಜ್ಜಿಕೊಂಡ, ತಲೆ ಮಾತ್ರ ಆಡಿಸಲಿಲ್ಲ. ಟ್ರಾಸ್ಕ್ ನಿಜವಾಗಿಯೂ ನೊಂದುಕೊಂಡು ವಿವರಿಸಿದ. ಕೆಳಗಿನ ಒಂದೊಂದು ಆಸನವೂ ಒಂದೊಂದು ಮನೆತನದವರು ಕ್ರಯಕ್ಕೆ ಕೊಂಡದ್ದು, ಅದಕ್ಕೆ ಪುಟ್ಟ ಬಾಗಿಲು, ಬಾಗಿಲಿಗೆ ಅವರ ಹೆಸರು. ಕಪ್ಪು ಜನಕ್ಕೆ ಕೊಡಬಾರದು ಎಂದು ಅಜ್ಜಂದಿರ ಕಾಲದ ಕರಾರಿದೆ. ತನಗೆ ಅದು ಇಷ್ಟವಿಲ್ಲ, ಒಂದೊಂದು ದಿನ ಊಟ ಸೇರುವುದಿಲ್ಲ.

“ಆದರೆ ಬೇರೆಯವರ ಆಸ್ತಿ ನೋಡಿ. ನಾನು ಹೆಂಗೆ ಕೈ ಹಾಕಲಿ?”

“ನಿಮ್ಮದೇ ಒಂದು ಇದೆಯಲ್ಲ, ಮುಂದೇನೇ.”

“ಅದು ತುಂಬಿಹೋಯ್ತು. ನನ್ನ ನಾದಿನಿ ಮನೆಯವರು ಬಂದಿದಾರೆ. ಪಾಪ, ಹನ್ನೆರಡು ಮೈಲಿಯಿಂದ ಬಂದವರು.”

“ನಮ್ಮಮ್ಮ ಮೇರಿಲ್ಯಾಂಡಿನಿಂದ ಬಂದಿದಾಳೆ.”

ಟ್ರಾಸ್ಕ್ ಇದು ತಮಾಷೆ ಎಂದುಕೊಂಡು ನಕ್ಕ. ಇಶಾಮ್‌ಗೆ ಮೈಯೆಲ್ಲ ಉರಿದುಹೋಯಿತು. ವಿಗ್ಗಿನ್ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು, ಒಂದು ಮಧ್ಯಾಹ್ನದ ಮಾತು, ಸ್ವಲ್ಪ ಸಹಿಸಿಕೋ, ಇವರು ನಮ್ಮ ಕಡೆಯವರು, ಇವರನ್ನೇ ಕಳೆದುಕೊಂಡರೆ ದಕ್ಷಿಣದಲ್ಲಿ ಸರಪಳಿಯಲ್ಲಿರುವವರ ಗತಿ ಏನು ಎಂದು ಪಿಸುಗುಟ್ಟಿದ. ಸರಪಳಿಯಲ್ಲಿರುವವರನ್ನು ಮುಂದಿಟ್ಟುಕೊಂಡರೆ ಇಶಾಮ್‌ನ ಬಾಯಿ ಕಟ್ಟಿಹೋಗುತ್ತದೆಂದು ವಿಗ್ಗಿನ್‌ಗೆ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ಇನ್ನೊಂದು ಮಾತನ್ನೂ ಸೇರಿಸಿದ.

“ಮರದ ಕಥೆ ಮಾತ್ರ ಬಿಡಬೇಡ. ತಾಯಿ ಮೇಲೇ ಕೂತಿದಾರೆ ಅಂತ ಗೊತ್ತಾದ್ರೆ ಇವತ್ತು ಚರ್ಚು ತುಂಬಾ ಅಳು.”

ಇದೊಂದೂ ತಾಮಾರ್‌ಗೆ ಕೇಳಿಸಿರಲಿಲ್ಲ, ಆದರೆ ಬಿಳಿಯರ ಮುಖ ನೋಡಿ ತನಗೆಲ್ಲಿ ಜಾಗ ಎಂದು ತಿಳಿದುಕೊಳ್ಳುವುದನ್ನು ಅವಳು ಹಾಲು ಕುಡಿಯುವಾಗಲೇ ಕಲಿತಿದ್ದಳು. ತಾನೇ ಮೆಟ್ಟಿಲ ಕಡೆ ತಿರುಗಿದಳು. ಮೊಣಕಾಲು ಮಡಚಲಾಗದೆ, ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ ಹತ್ತಿದಳು. ಇಶಾಮ್ ಹಿಂದಿನಿಂದ ಆನಿಸಿಕೊಂಡು ಹತ್ತಿಸಿದ. ಕಂಬದ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ, ಹಾಡುಗಾರರ ದೊಡ್ಡ ಪಿಟೀಲು ಸರಿಯಾಗಿ ಅವಳ ಬಲಗಿವಿಯ ಪಕ್ಕಕ್ಕೆ ಬಂತು. ಅದನ್ನು ನೋಡಿ ಅವನಿಗೆ ನಗು ಬಂತು, ಒಳ್ಳೆಯ ನಗುವಲ್ಲ.

ಸಭೆ ಶುರುವಾಯಿತು. ಆ ಚರ್ಚಿನ ಪಾದ್ರಿಗಳಾದ ಸಭಾಪಾಲಕರು ಪ್ರಾರ್ಥನೆ ಮಾಡಿದರು. ವಿಗ್ಗಿನ್ ಎದ್ದು ಸ್ವಾತಂತ್ರ್ಯದ ಬಗ್ಗೆ ಬಹಳ ಹೊತ್ತು ಮಾತಾಡಿದ. ಅದರಲ್ಲಿ ಅರ್ಧ ಮಾತುಗಳು ಗಾಡಿಯಲ್ಲಿ ಕೂತು ಇಶಾಮ್ ಹೇಳಿದವು. ವಿಗ್ಗಿನ್ ಅವನ್ನು ಕದ್ದಿರಲಿಲ್ಲ, ಅವು ತನ್ನವೇ ಎಂದು ಮನಸಾರೆ ನಂಬಿದ್ದ. ವೇದಿಕೆಯಲ್ಲಿ ಕುರ್ಚಿಯ ಅಂಚಿಗೆ ಕೂತ ಇಶಾಮ್ ಹಲ್ಲು ಕಚ್ಚಿಕೊಂಡು ಅಟ್ಟಣಿಗೆಯತ್ತ ನೋಡುತ್ತಿದ್ದ. ಕಂಬದ ಪಕ್ಕದಿಂದ ಅಮ್ಮನ ಅರ್ಧ ಮುಖ ಕಾಣುತ್ತಿತ್ತು. ಏನೂ ಕೇಳಿಸದೆ ಬಲಗಿವಿಯ ಹಿಂದೆ ಅಂಗೈ ಮಡಚಿಟ್ಟುಕೊಂಡು ಮುಂದಕ್ಕೆ ಬಾಗಿದ್ದಳು. ವಿಗ್ಗಿನ್ ಕೊನೆಗೆ, ಈಗ ನಮ್ಮ ಸಹೋದರ ಪರ್ನೆಲ್ ಹಿಪ್ಪುನೇರಳೆ ಮರದ ದಾರುಣ ಕಥೆಯನ್ನು ಹೇಳುತ್ತಾನೆ, ಅದಕ್ಕೆ ಮೊದಲು ಒಂದು ಗೀತೆ ಎಂದು ಕೂತ.

ಆ ಕಡೆಯ ಊರುಗಳಲ್ಲಿ ಗೀತೆ ಶುರುವಾದರೆ ಜನ ಎದ್ದು ಹಿಂದಕ್ಕೆ ತಿರುಗುತ್ತಾರೆ. ಬೋಧಿಸುವವರಿಗೆ ಬೆನ್ನು ಹಾಕಿ, ಅಟ್ಟಣಿಗೆಯ ಹಾಡುಗಾರರಿಗೆ ಮುಖ ಕೊಟ್ಟು ನಿಲ್ಲುತ್ತಾರೆ. ಗೀತೆ ಮುಗಿಯಿತೆಂದರೆ ಮತ್ತೆ ಮುಂದಕ್ಕೆ ತಿರುಗಿ ಕೂರುತ್ತಾರೆ. ಇಶಾಮ್ ಅದನ್ನು ನೂರಾರು ಸಲ ನೋಡಿದ್ದ, ಒಂದು ಸಲವೂ ಅದರ ಬಗ್ಗೆ ಯೋಚಿಸಿರಲಿಲ್ಲ. ಈಗ ಯೋಚಿಸಿದ. ಇಡೀ ಟಾಲ್ಕಟ್ ಅವನ ಅಮ್ಮ ಇದ್ದ ಕಡೆಗೇ ಮುಖ ಮಾಡಿ ನಿಂತಿತ್ತು. ಅವಳನ್ನು ಮುಂದಿನ ಸಾಲಿಗೆ ತರಲಾಗಲಿಲ್ಲ, ಆದರೆ ಈ ಐದು ಚರಣಗಳ ಹೊತ್ತಿಗೆ ಚರ್ಚಿನ ಮುಂದಿನ ಸಾಲೆಂದರೆ ಆ ಅಟ್ಟಣಿಗೆಯೇ.

ಅವನು ಎದ್ದ. ವಿಗ್ಗಿನ್‌ನ ಕೈ ಅಂಗಿಯ ತುದಿಗೆ ತಾಗಿದ್ದು ಗೊತ್ತಾಯಿತು, ನಿಲ್ಲಲಿಲ್ಲ. ಎರಡು ಸಾಲಿನ ನಡುವೆ ನಡೆದು, ಹಾಡುತ್ತಿದ್ದವರನ್ನೆಲ್ಲ ದಾಟಿ, ಮೆಟ್ಟಿಲನ್ನು ದಡದಡ ಹತ್ತಿದ. ಕೊನೆಯ ಚರಣ ಮುಗಿಯುವಾಗ ಅಮ್ಮನನ್ನು ಕಂಬದ ಮರೆಯಿಂದ ಎಬ್ಬಿಸಿ, ಅಟ್ಟಣಿಗೆಯ ಅಂಚಿನ ಕಟಕಟೆಯ ಹತ್ತಿರದ ಸ್ಟೂಲಿನ ಮೇಲೆ ಕೂರಿಸಿ, ಅವಳ ಬಲಕ್ಕೆ ನಿಂತಿದ್ದ. ಸ್ಟೂಲು ದೊಡ್ಡ ಪಿಟೀಲಿನವನದು. ಅವನು ಪಿಟೀಲು ತಬ್ಬಿಕೊಂಡು ಬೆಪ್ಪಾಗಿ ನಿಂತ.

“ಯಾರೂ ಕೂತ್ಕೋಬೇಡಿ,” ಎಂದ ಇಶಾಮ್. “ನೀವು ಈ ಕಡೆ ನೋಡೋದು ಹಾಡು ಇದ್ದಾಗ ಮಾತ್ರ. ಇವತ್ತು ಒಂದು ಸ್ವಲ್ಪ ಹೊತ್ತು ಹಾಗೇ ನಿಂತಿರಿ.”

ನಿಂತರು. ಏನೋ ಹೊಸ ಏರ್ಪಾಡು ಎಂದುಕೊಂಡು ನಿಂತರು. ಸ್ವಾತಂತ್ರ್ಯ ಯಾರೂ ಯಾರಿಗೂ ಕೊಡುವುದಲ್ಲ, ಹುಟ್ಟುವಾಗಲೇ ಬಂದದ್ದು, ಧಣಿಯ ಹತ್ತಿರ ಅದು ಇರಲೇ ಇಲ್ಲ, ಇಲ್ಲದ್ದನ್ನು ಅವನು ಕೊಡುವುದೆಲ್ಲಿಂದ ಎಂದು ಶುರುಮಾಡಿದ. ಆರು ವರ್ಷದಿಂದ ಕಟ್ಟಿಟ್ಟಿದ್ದ ಮಾತು ನುಗ್ಗಿ ಬಂತು. ನೀವು ಸಕ್ಕರೆ ಬಿಟ್ಟಿರಿ, ನಿಮ್ಮ ಮೈಮೇಲಿನ ಹತ್ತಿ ಬಟ್ಟೆ ಯಾರು ಬೆಳೆದದ್ದು ಎಂದು ಕೇಳಿದ. ಅಷ್ಟು ಹೊತ್ತಿಗೆ ಟ್ರಾಸ್ಕ್ ತಿರುಗಿ ಕೂತ. ಅವನು ಕೂತದ್ದೇ ತಡ, ಸಾಲುಸಾಲೇ ತಿರುಗಿ ಕೂತಿತು. ಕೋಪದಿಂದ ಅಲ್ಲ, ಗೀತೆ ಮುಗಿದ ಮೇಲೆ ಕೂರುವುದು ರೂಢಿ. ಇಶಾಮ್‌ನ ಎದುರು ಈಗ ಬರೀ ಬೆನ್ನು, ಟೋಪಿ, ಬೋಳುತಲೆ. ಅವನ ಕಡೆ ಮುಖವಿದ್ದದ್ದು ವೇದಿಕೆಯ ಮೇಲಿನ ಇಬ್ಬರಿಗೇ. ಸಭಾಪಾಲಕರು ಚಾವಣಿ ನೋಡುತ್ತಿದ್ದರು. ವಿಗ್ಗಿನ್ ಸಾಕು, ಸಾಕು ಎಂದು ಗಾಳಿಯನ್ನು ಅಂಗೈಯಲ್ಲಿ ಒತ್ತುತ್ತಿದ್ದ.

ಇಶಾಮ್ ಬೆನ್ನುಗಳಿಗೇ ಮಾತಾಡಿದ.

“ಅಲ್ಲಿ ಧಣಿ ನಮ್ಮನ್ನ ತೋರಿಸಿ ಇದು ನನ್ನ ಆಸ್ತಿ, ಮುಟ್ಟಬೇಡಿ ಅಂತಾನೆ. ಇಲ್ಲಿ ನೀವು ಒಂದು ಹಲಗೆ ತೋರಿಸಿ ಅದೇ ಮಾತು ಹೇಳ್ತೀರಿ. ನೀವು ಒಳ್ಳೆಯವರು, ನಂಗೊತ್ತು. ನಮ್ಮ ಧಣೀನೂ ಎಷ್ಟೋ ದಿನ ಒಳ್ಳೆಯವನಾಗಿದ್ದ, ಆ ದಿನಗಳಲ್ಲೂ ನಾವು ಗುಲಾಮರೇ. ದಯೆ ನಿಮ್ಮ ಕೈಲಿರೋದು. ಕೊಟ್ರೂ ಕೊಟ್ರಿ, ಬಿಟ್ರೂ ಬಿಟ್ರಿ. ನ್ಯಾಯ ಹಂಗಲ್ಲ. ಅದಕ್ಕೆ ನಾನು ನಿಮ್ಮನ್ನ ಬೇಡ್ಕೋಬೇಕಾಗಿಲ್ಲ.”

ಯಾರೋ ಎದ್ದು ಹೊರಗೆ ಹೋದರು, ಆಸನದ ಪುಟ್ಟ ಬಾಗಿಲು ಟಪ್ಪೆಂದಿತು. ನಡುವಿನ ಸಾಲಿನಲ್ಲಿ ಒಬ್ಬ ಮುದುಕ ಕಷ್ಟಪಟ್ಟು ಕತ್ತು ಹಿಂದಕ್ಕೆ ತಿರುಗಿಸಿದ. ಕೆಟ್ಟವನಲ್ಲ, ಹುಲ್ಲು ಕೊಯ್ಯುವುದನ್ನು ಬಿಟ್ಟು ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಬಂದಿದ್ದ.

“ಅದೆಲ್ಲ ಇರಲಿ ಮಹರಾಯ, ಮರದ ಕಥೆ ಹೇಳು. ಅದಕ್ಕೇ ಬಂದಿದ್ದು ನಾವು.”

ಹೌದು, ಮರದ ಕಥೆ, ಮರದ ಕಥೆ ಎಂದು ಇನ್ನೂ ನಾಲ್ಕಾರು ಕಡೆಯಿಂದ ದನಿ ಬಂತು. ಟೋಪಿಗಳು ಒಂದೊಂದಾಗಿ ತಿರುಗಿದವು. ಇಶಾಮ್ ಇಷ್ಟೂ ಹೇಳಿದ್ದು ಗೋಡೆಗೆ ಹೇಳಿದ ಹಾಗಾಯಿತು. ತಾಮಾರ್ ಅವನ ತೋಳು ಜಗ್ಗಿದಳು.

“ಏನಂತೆ ಅವರಿಗೆ?”

ಅವನು ಬಗ್ಗಿ ಅವಳ ಬಲಗಿವಿಯಲ್ಲಿ ಹೇಳಬೇಕಾಯಿತು. ತನ್ನ ಬಾಯಿಂದಲೇ ಹೇಳಬೇಕಾಯಿತು.

“ಮರದ ಕಥೆ ಹೇಳಬೇಕಂತೆ ಅಮ್ಮ.”

ತಾಮಾರ್ ಸ್ವಲ್ಪ ಹೊತ್ತು ಕೆಳಗಿನ ಮುಖಗಳನ್ನು ನೋಡಿದಳು. ಆಮೇಲೆ ಕಟಕಟೆ ಹಿಡಿದು ಎದ್ದು ನಿಂತಳು. ಮಗ ಕೈ ಕೊಡಹೋದರೆ ಬೇಡ ಎಂದಳು. ಎದ್ದ ಮೇಲೆ ಎಷ್ಟು ಎತ್ತರದ ಹೆಂಗಸೆಂದು ಗೊತ್ತಾಯಿತು. ಕಿವಿ ಕೇಳದವರು ಮಾತಾಡುವಂತೆ, ಬೇಕಾದದ್ದಕ್ಕಿಂತ ಗಟ್ಟಿಯಾಗಿ ಮಾತಾಡಿದಳು.

“ಆ ಮರಕ್ಕೆ ಕಟ್ಟಿಸ್ಕೊಂಡವಳು ನಾನು. ಅದು ನಂದು. ನಂದು ಅಂತ ನನ್ ಹತ್ರ ಏನೂ ಇರ್ಲಿಲ್ಲ, ಮಕ್ಕಳೂ ನಂದಾಗಿರ್ಲಿಲ್ಲ. ಇದೊಂದು ನಂದು. ನಾನು ಕೊಡಲ್ಲ.”

ಕೂತಳು.

ಯಾರೂ ಅಳಲಿಲ್ಲ. ಅಳುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಮಿಸೆಸ್ ಟ್ರಾಸ್ಕ್ ಬಿಚ್ಚಿಟ್ಟುಕೊಂಡಿದ್ದ ಕರವಸ್ತ್ರವನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಏನು ಮಾಡಬೇಕೆಂದು ತೋಚದೆ ವಿಗ್ಗಿನ್ ಮುಕ್ತಾಯದ ಗೀತೆ ಎಂದುಬಿಟ್ಟ. ಗೀತೆ ಎಂದ ಮೇಲೆ ಏಳಲೇಬೇಕು, ತಿರುಗಲೇಬೇಕು. ಇಡೀ ಚರ್ಚು ಎದ್ದು, ತಿರುಗಿ, ಕಟಕಟೆಯ ಹತ್ತಿರ ಶಾಲು ಹೊದ್ದು ಕೂತ ಮುದುಕಿಗೆ ಮುಖ ಮಾಡಿ ನಿಂತು ಹಾಡಿತು. ಕಣ್ಣು ಎಲ್ಲಿಡಬೇಕೆಂದು ತಿಳಿಯದೆ, ಬಾಯಿಪಾಠವಾಗಿದ್ದ ಗೀತೆಯನ್ನೂ ಪುಸ್ತಕ ನೋಡಿ ಹಾಡಿದರು. ಮಿಸೆಸ್ ಟ್ರಾಸ್ಕ್ ಒಬ್ಬಳು ತಿರುಗಲಿಲ್ಲ. ತಾಮಾರ್ ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ಅಷ್ಟರಲ್ಲಿ ಬಯಲು ಖಾಲಿಯಾಗಿ ಮೇಜುಗಳನ್ನು ಎತ್ತಿಡುತ್ತಿದ್ದರು. ವಿಗ್ಗಿನ್ ಗಾಡಿಯ ಹತ್ತಿರ ಕಾಯುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. ಮೂರು ವರ್ಷ ಬೇಕಾಯಿತು ಈ ಊರಿನಲ್ಲಿ ನಮ್ಮ ಸಂಘ ಕಟ್ಟುವುದಕ್ಕೆ, ಮೂರು ನಿಮಿಷದಲ್ಲಿ ಕೆಡವಿಬಿಟ್ಟೆ ಎಂದ. ಮುಂದಿನ ವಾರದ ಊರುಗಳಿಗೆ ತಾನೊಬ್ಬನೇ ಹೋಗುವುದಾಗಿಯೂ, ಇಶಾಮ್ ಮನೆಯಲ್ಲಿದ್ದು ಮನಸ್ಸನ್ನು ಸಮಾಧಾನ ಮಾಡಿಕೊಳ್ಳಬೇಕೆಂದೂ ಹೇಳಿದ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ ಎಂದು ಇಶಾಮ್ ಕೇಳಿದ. ವಿಗ್ಗಿನ್‌ಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ತಪ್ಪು ಸರಿಯ ಮಾತಲ್ಲ ಇಶಾಮ್ ಎಂದು ಹೆಗಲು ತಟ್ಟಿ ಹೋದ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಸಿಟ್ಟಿನಲ್ಲಿ ಅಮ್ಮನನ್ನು ಎತ್ತಿ ಕೂರಿಸಿ, ತಾನು ತಪ್ಪು ಬದಿಗೆ ಹತ್ತಿ ಕೂತು ಗಾಡಿ ಹೊಡೆದ. ಗಾಡಿ ಊರು ದಾಟಿತು. ಎರಡೂ ಕಡೆ ಹುಲ್ಲುಗಾವಲು, ಕೊಯ್ದ ಹುಲ್ಲಿನ ವಾಸನೆ. ಇಶಾಮ್ ಲಗಾಮು ಬಿಗಿಹಿಡಿದು ರಸ್ತೆ ನೋಡುತ್ತ, ಇನ್ನೆಲ್ಲೂ ಆ ಕಥೆ ಹೇಳುವುದಿಲ್ಲಮ್ಮ ಎಂದ. ಎಡಗಿವಿಯ ಕಡೆ ಕೂತು ಹೇಳಿದ್ದರಿಂದ ಅವಳಿಗೆ ಕೇಳಿಸಲಿಲ್ಲ. ಮತ್ತೆ ಗಟ್ಟಿಯಾಗಿ ಕೂಗಿ ಹೇಳಿದ.

“ಸರಿ,” ಎಂದಳು ತಾಮಾರ್. ಅಷ್ಟಕ್ಕೇ ಎಲ್ಲ ಸರಿಹೋಯಿತೆಂದಲ್ಲ. ಶಾಲು ಇನ್ನೂ ಕತ್ತಿನವರೆಗೆ ಎಳೆದುಕೊಂಡೇ ಇದ್ದಳು. ಸ್ವಲ್ಪ ದೂರ ಹೋದ ಮೇಲೆ ಅವಳೇ ಮಾತೆತ್ತಿದಳು. ಮೇಲೆ ನಿಂತು ಬೇರೆ ಏನೋ ಹೇಳಿದೆಯಲ್ಲ, ಪೂರ್ತಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಎಂದಳು.

ಇಶಾಮ್‌ಗೆ ಆಸಕ್ತಿಯಿರಲಿಲ್ಲ. ಒಲ್ಲದ ಮನಸ್ಸಿನಿಂದ, ಸ್ವಾತಂತ್ರ್ಯ ಯಾರೂ ಕೊಡೋದಲ್ಲ, ಹುಟ್ಟುವಾಗಲೇ ನಮ್ಮ ಹತ್ರ ಇರುತ್ತೆ ಎಂದು ಗಂಟಲು ಹರಿಯುವ ಹಾಗೆ ಕೂಗಿದ.

“ನನ್ ಹತ್ರ ಇರ್ಲಿಲ್ಲ,” ಎಂದಳು ತಾಮಾರ್.

“ಇತ್ತಮ್ಮ. ಅವರು ಕಿತ್ಕೊಂಡಿದ್ರು.”

“ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವೇನೋ? ಮೈಯಲ್ಲಿ ಎಲ್ಲಿತ್ತು ಅದು? ಆ ಚಳೀಲಿ, ಹೋಗು ಮುದುಕಿ, ನೀನಿನ್ನು ಸ್ವತಂತ್ರಳು ಅಂತ ಬಾಗಿಲು ಹಾಕ್ಕೊಂಡ್ರಲ್ಲ, ಹಂಗಾದ್ರೆ ಆವತ್ತು ಕೊಟ್ಟಿದ್ದೇನು?”

“ಅದು ಕೊಟ್ಟಿದ್ದಲ್ಲ. ನಿಂದೇ ನಿಂಗೆ ವಾಪಸ್ ಬಂದಿದ್ದು.”

ತಾಮಾರ್ ಮೈಯನ್ನೆಲ್ಲ ಅವನ ಕಡೆ ತಿರುಗಿಸಿ ಕೂತಳು.

“ನಂದೇ ಅಂತೀಯ. ನಂದನ್ನ ಇಷ್ಟು ವರ್ಷ ಅವರು ಇಟ್ಕೊಂಡು ಸವೆಸಿದಾರೆ. ಮೊಣಕಾಲು ಹೋಯ್ತು, ಕಿವಿ ಹೋಯ್ತು, ಎಲ್ಲಾ ಹೋದ್ಮೇಲೆ ತಗೋ ಅಂದ್ರು. ವಾಪಸ್ ಬಂದ್ರೆ ಮುಗೀತೇನು? ಸವೆದಿದ್ದಕ್ಕೇನು ಅಂತ ನೀನು ಕೇಳಲೇ ಇಲ್ಲ. ಅರ್ಧ ಮಾತಾಡಿ ಬಂದಿದೀಯ.”

ಇಶಾಮ್ ಲಗಾಮು ಎಳೆದ. ಕುದುರೆ ನಿಂತಿತು. ಈ ಆರು ವರ್ಷದಲ್ಲಿ ಜನ ಅವನ ಮುಂದೆ ಅತ್ತಿದ್ದರು, ಚಪ್ಪಾಳೆ ತಟ್ಟಿದ್ದರು, ಕೊಳೆತ ಮೊಟ್ಟೆ ಎಸೆದಿದ್ದರು. ನೀನು ಹೇಳಿದ್ದು ತಪ್ಪು ಎಂದು ಒಬ್ಬರೂ ಹೇಳಿರಲಿಲ್ಲ. ಅವನು ಏನು ಹೇಳಿದನೆಂದು ಯಾರಾದರೂ ಕೇಳಿಸಿಕೊಂಡಿದ್ದರೆ ತಾನೇ ತಪ್ಪು ಹುಡುಕುವುದು? ಒಂದು ಕ್ಷಣ ಅವನಿಗೆ ಖುಷಿಯಾಯಿತು, ಮರುಕ್ಷಣವೇ ಸಿಟ್ಟು ನೆತ್ತಿಗೇರಿತು.

“ಅರ್ಧ ಅಲ್ಲಮ್ಮ, ನೀನು ಕೇಳಿದ್ದು ಬೇರೆ ವಿಷಯ. ಮೊದಲು ಅದು ನಮ್ಮದು ಅಂತ ಒಪ್ಪಿಸ್ಬೇಕು, ಆಮೇಲೆ ತಾನೆ ಸವೆದಿದ್ದರ ಲೆಕ್ಕ!”

ಹೊಲದಲ್ಲಿ ಹುಲ್ಲು ಒಟ್ಟುತ್ತಿದ್ದ ಇಬ್ಬರು ಬಿಳಿಯರು ಕೆಲಸ ನಿಲ್ಲಿಸಿ, ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂಗಾಡುತ್ತಿದ್ದ ತಾಯಿ ಮಗನನ್ನು ನೋಡುತ್ತ ನಿಂತರು.

“ಕತ್ತು ನೋಯ್ತಾ ಇದೆ,” ಎಂದಳು ತಾಮಾರ್. “ಈ ಕಡೆ ಬಂದು ಕೂತ್ಕೋ. ಮೊದಲಿಂದ ಹೇಳು.”

ಇಶಾಮ್ ಕೆಳಗಿಳಿದ. ಕುದುರೆಯ ಮುಂದಿನಿಂದ ಸುತ್ತಿ ಬಂದು, ಅಮ್ಮನನ್ನು ಅತ್ತ ಸರಿಸಿ, ಅವಳ ಬಲಕ್ಕೆ ಹತ್ತಿ ಕೂತ.